ಕೀನ್ಯಾದ ಶಾಲೆಗಳಲ್ಲಿ ತಂತ್ರಜ್ಞಾನ: ಜಂಟಿ ಸಂಶೋಧನೆಗೆ ಕೈಹಾಕುವ ಮೊದಲು ಏನೇನು ಇತ್ಯರ್ಥವಾಗಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ, ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆ, ಪಶ್ಚಿಮ ಕೀನ್ಯಾದ ಒಂದು ವಿಶ್ವವಿದ್ಯಾಲಯ ಸೇರಿ ಎರಡು ವರ್ಷದ ಸಂಶೋಧನೆಗೆ ಕರಡು ಬರೆಯುತ್ತಿವೆ. ಜಾಗ ಕಿಸುಮು ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). 1ರಿಂದ 3ನೇ ತರಗತಿ ಮಕ್ಕಳ ಓದು ಸುಧಾರಿಸಲು ಟ್ಯಾಬ್ ಎಷ್ಟು ನೆರವಾಗುತ್ತದೆ ಎಂಬುದು ಸದ್ಯದ ಪ್ರಶ್ನೆ.

ಕರಡಿನಲ್ಲಿ ಇರುವುದು ಇಷ್ಟು: 60 ಶಾಲೆ, ಶಾಲೆಗೆ 20 ಮಕ್ಕಳ ಪರೀಕ್ಷೆ, ಅರ್ಧ ಶಾಲೆಗಳಿಗೆ ತಲಾ 40 ಟ್ಯಾಬ್. 2027ರ ಜನವರಿಯಲ್ಲಿ ಮೊದಲ ಪರೀಕ್ಷೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೊನೆಯದು. ಟ್ಯಾಬ್‌ಗಳನ್ನು ಬೆಂಗಳೂರಿನಲ್ಲೇ ಕೊಂಡು ಕಳಿಸುವುದು. ವಿದೇಶಿ ಅನುದಾನ ಬೆಂಗಳೂರಿನ ಸಂಸ್ಥೆಗೆ ಬಂದು, ಅಲ್ಲಿಂದ ಕೀನ್ಯಾಕ್ಕೆ ಹೋಗುವುದು. ದತ್ತಾಂಶ ನಮ್ಮ ಸರ್ವರ್‌ನಲ್ಲಿ.

ಅನುಮತಿ, ಹಣ, ದತ್ತಾಂಶ, ಲೇಖನಗಳಲ್ಲಿ ಹೆಸರು: ಇವುಗಳಲ್ಲಿ ಎಲ್ಲೆಲ್ಲಿ ತೊಡಕು ಬರಬಹುದು ಎಂದು ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ಓದುಬರಹ:

ಅನುಮತಿ, ಹಣಕ್ಕಿಂತ ಮೊದಲು ಪ್ರಶ್ನೆಯನ್ನೇ ನೋಡೋಣ ಸರ್. ಈ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ಜಿಲ್ಲೆಯಲ್ಲಿ ಈಗಾಗಲೇ ಕೇಳಿ ಮುಗಿದಿದೆ. ಪ್ರೈಮರ್ ಎಂಬ ಯೋಜನೆಯಡಿ ಕಿಸುಮುವಿನಲ್ಲಿ ಮೂರು ಬಗೆಗಳನ್ನು ಹೋಲಿಸಿದ್ದರು. ಒಂದರಲ್ಲಿ ಶಾಲೆಗಳಿಗೆ ಭೇಟಿಕೊಟ್ಟು ಶಿಕ್ಷಕರಿಗೆ ಮಾರ್ಗದರ್ಶನ ಮಾಡುವ ಅಧಿಕಾರಿಗೆ ಟ್ಯಾಬ್, ಇನ್ನೊಂದರಲ್ಲಿ ಶಿಕ್ಷಕರಿಗೆ ಟ್ಯಾಬ್, ಮತ್ತೊಂದರಲ್ಲಿ ಮಕ್ಕಳ ಕೈಗೆ ಇ-ರೀಡರ್. 2016ರಲ್ಲಿ ಪ್ರಕಟವಾದ ಫಲಿತಾಂಶದ ತಿರುಳು ಇದು: ಮೂರೂ ಬಗೆಯ ಶಾಲೆಗಳ ಮಕ್ಕಳು ಏನೂ ಸಿಗದ ಶಾಲೆಗಳವರಿಗಿಂತ ಚೆನ್ನಾಗಿ ಓದಿದರು, ಆದರೆ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖರ್ಚಿಗೆ ಹೋಲಿಸಿದಾಗ ಅಧಿಕಾರಿಯ ಕೈಗೆ ಕೊಟ್ಟ ಒಂದೇ ಒಂದು ಟ್ಯಾಬ್ ಎಲ್ಲಕ್ಕಿಂತ ಲಾಭದಾಯಕವಾಗಿತ್ತು.

2015ರಲ್ಲಿ ದೇಶದುದ್ದಕ್ಕೂ ಶುರುವಾದ ಟುಸೋಮೆ ಎಂಬ ಓದಿನ ಕಾರ್ಯಕ್ರಮ ಪ್ರೈಮರ್‌ನ ಈ ಅನುಭವವನ್ನೇ ಆಧಾರವಾಗಿಟ್ಟುಕೊಂಡಿತು. ಪ್ರತಿ ಮಗುವಿಗೊಂದು ಪುಸ್ತಕ, ಶಿಕ್ಷಕರಿಗೆ ಪಾಠವಾರು ಕೈಪಿಡಿ, ಕರಿಕ್ಯುಲಮ್ ಸಪೋರ್ಟ್ ಆಫೀಸರ್‌ಗೆ ಟ್ಯಾಬ್. ಈ ಆಫೀಸರ್ ಅಂದರೆ ನಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದ ಹಾಗೆ. ಅವರು ತರಗತಿಯಲ್ಲಿ ಕೂತು ಪಾಠ ನೋಡುತ್ತಿದ್ದರು, ಮೂರು ಮಕ್ಕಳನ್ನು ಓದಿಸಿ ನೋಡುತ್ತಿದ್ದರು, ಟ್ಯಾಂಜರಿನ್ ಎಂಬ ತಂತ್ರಾಂಶದಲ್ಲಿ ದಾಖಲಿಸುತ್ತಿದ್ದರು. ಜಿಪಿಎಸ್ ಸಮೇತ ದಾಖಲಾದ ಭೇಟಿಗೆ ಪ್ರಯಾಣ ಖರ್ಚು ಸಿಗುತ್ತಿತ್ತು. ತಂತ್ರಜ್ಞಾನ ಇಲ್ಲಿ ಗೆದ್ದದ್ದು ಮಗುವಿನ ಮುಂದಿನ ಪರದೆಯಾಗಿ ಅಲ್ಲ, ಭೇಟಿ ನಿಜಕ್ಕೂ ನಡೆಯುವಂತೆ ನೋಡಿಕೊಂಡ ಸಾಧನವಾಗಿ.

ಇದರ ಪಕ್ಕದಲ್ಲೇ ಸರ್ಕಾರದ ಡಿಜಿಟಲ್ ಲಿಟರಸಿ ಕಾರ್ಯಕ್ರಮವನ್ನೂ ಇಟ್ಟು ನೋಡಿ. 2013ರ ಚುನಾವಣೆಯಲ್ಲಿ ಒಂದನೇ ತರಗತಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುತ್ತೇವೆಂದು ಭರವಸೆ ಬಂತು, 2016ರಿಂದ ಟ್ಯಾಬ್ ರೂಪದಲ್ಲಿ ವಿತರಣೆಯಾಯಿತು, 20 ಸಾವಿರಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ 10 ಲಕ್ಷಕ್ಕೂ ಹೆಚ್ಚು ಸಾಧನಗಳು ತಲುಪಿದವು. ಬಹಳಷ್ಟು ಕಡೆ ಅವು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲೇ ಉಳಿದವು, ಯಾಕೆಂದರೆ ಕಳೆದುಹೋದರೆ ಲೆಕ್ಕ ಕೊಡಬೇಕಾದವರು ಅವರೇ. ನೀವು ಇನ್ನೂ 1,200 ಟ್ಯಾಬ್ ತಂದರೆ ಅವೂ ಅದೇ ಬೀರುವಿಗೆ ಸೇರುವ ಸಾಧ್ಯತೆಯೇ ಹೆಚ್ಚು.

ಹಾಗಾಗಿ ಮೊದಲ ಹೆಜ್ಜೆ: ಕರಡನ್ನು ಪಕ್ಕಕ್ಕಿಟ್ಟು, ಕೀನ್ಯಾದ ಪಾಲುದಾರರು ಮತ್ತು ಕೌಂಟಿ ಶಿಕ್ಷಣ ನಿರ್ದೇಶಕರ ಕಚೇರಿಯ ಜೊತೆ ಎರಡು ದಿನ ಕೂತು, ಅವರಿಗೆ ಉತ್ತರ ಬೇಕಾಗಿರುವ ಪ್ರಶ್ನೆ ಯಾವುದು ಎಂದು ಕೇಳಿ. ಈ ಎರಡು ದಿನದ ಖರ್ಚನ್ನು ಅನುದಾನ ಬರುವ ಮೊದಲೇ ನಿಮ್ಮ ವಿಭಾಗ ಭರಿಸಬೇಕು. ಹಣ ಬಂದ ಮೇಲೆ ಪ್ರಶ್ನೆ ಬದಲಿಸಲು ಯಾವ ಅನುದಾನ ಸಂಸ್ಥೆಯೂ ಸುಲಭಕ್ಕೆ ಒಪ್ಪುವುದಿಲ್ಲ.

ನೈರೋಬಿ_ನಿವಾಸಿ:

ಅನುಮತಿಗಳ ಸರಣಿ ಹೇಳುತ್ತೇನೆ. ಕ್ರಮ ತಪ್ಪಿದರೆ ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ, ಅದಕ್ಕೇ ವಿವರ.

ಮೊದಲು ಕೀನ್ಯಾದ ಸಂಸ್ಥೆಯಿಂದ ಸಂಯೋಜನೆಯ ಪತ್ರ, ಅಂದರೆ ಈ ವಿದೇಶಿ ಸಂಶೋಧಕರು ನಮ್ಮ ಜೊತೆ ಕೆಲಸ ಮಾಡುತ್ತಾರೆ ಎಂಬ ಪತ್ರ. ವಿದೇಶಿ ಸಂಶೋಧಕರಿಗೆ ಇದು ಇಲ್ಲದೆ ಮುಂದಿನ ಯಾವುದೂ ನಡೆಯದು. ಎರಡನೆಯದು ನೈತಿಕ ಪರಿಶೀಲನೆ. ಅದನ್ನು ರಾಷ್ಟ್ರೀಯ ಆಯೋಗದ ಮಾನ್ಯತೆ ಇರುವ ಸಮಿತಿಯೇ ಮಾಡಬೇಕು. ಕಿಸುಮು ಭಾಗದಲ್ಲಿ ಮಸೇನೋ ವಿಶ್ವವಿದ್ಯಾಲಯದಲ್ಲಿ ಅಂಥ ಸಮಿತಿ ಇದೆ. ಮೂರನೆಯದು ನಾಕೋಸ್ಟಿಯ ಸಂಶೋಧನಾ ಪರವಾನಗಿ. ನಾಕೋಸ್ಟಿ ಅಂದರೆ 2013ರ ಕಾಯ್ದೆಯಡಿ ಸ್ಥಾಪನೆಯಾದ ವಿಜ್ಞಾನ, ತಂತ್ರಜ್ಞಾನ, ನಾವೀನ್ಯತೆಯ ರಾಷ್ಟ್ರೀಯ ಆಯೋಗ. ಅರ್ಜಿ ಆನ್‌ಲೈನ್‌ನಲ್ಲೇ. ಪರವಾನಗಿಯ ಅವಧಿ ಒಂದು ವರ್ಷ, ನಿಮ್ಮದು ಎರಡು ವರ್ಷದ ಯೋಜನೆ, ಆದ್ದರಿಂದ ನವೀಕರಣದ ದಿನಾಂಕವನ್ನು ಈಗಲೇ ಕೆಲಸದ ವೇಳಾಪಟ್ಟಿಯಲ್ಲಿ ಬರೆದಿಡಿ. ನಾಲ್ಕನೆಯದು, ಪರವಾನಗಿ ಹಿಡಿದು ಕೌಂಟಿ ಕಮಿಷನರ್ ಮತ್ತು ಕೌಂಟಿ ಶಿಕ್ಷಣ ನಿರ್ದೇಶಕರ ಕಚೇರಿಗೆ ಹೋಗಿ ವರದಿ ಮಾಡಿಕೊಳ್ಳುವುದು. ಅಲ್ಲಿಂದ ಸಬ್‌ಕೌಂಟಿ, ಕೊನೆಗೆ ಮುಖ್ಯೋಪಾಧ್ಯಾಯರು. ಮುಖ್ಯೋಪಾಧ್ಯಾಯರು ಮೊದಲು ಕೇಳುವುದೇ ಶಿಕ್ಷಣ ನಿರ್ದೇಶಕರ ಪತ್ರ.

ಎಲ್ಲಕ್ಕೂ ಸೇರಿ ಆರು ತಿಂಗಳು ಇಟ್ಟುಕೊಳ್ಳಿ. ದೇಶದೊಳಗೆ ಬರಲು ಆನ್‌ಲೈನ್ ಪ್ರಯಾಣಾನುಮತಿ (ಇಟಿಎ) ಸಿಕ್ಕ ಮಾತ್ರಕ್ಕೆ ಶಾಲೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸಬಹುದು ಎಂದು ಯಾರೂ ಭಾವಿಸಬಾರದು, ಅವೆರಡಕ್ಕೂ ಸಂಬಂಧವಿಲ್ಲ. ಟ್ಯಾಬ್‌ನಲ್ಲಿ ಪಠ್ಯಕ್ಕೆ ಸಂಬಂಧಿಸಿದ ಸಾಮಗ್ರಿ ಹಾಕುವುದಾದರೆ ಪಠ್ಯಕ್ರಮ ಅಭಿವೃದ್ಧಿ ಸಂಸ್ಥೆ ಕೆಐಸಿಡಿಯ ಒಪ್ಪಿಗೆಯ ವಿಚಾರವೂ ಇದೆ. ನಮ್ಮಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮಾಡುವ ಕೆಲಸದ ದೊಡ್ಡ ಭಾಗ ಅಲ್ಲಿ ಕೆಐಸಿಡಿಯದು. ಅವರು ಈಗಾಗಲೇ ಒಪ್ಪಿದ ಸಾಮಗ್ರಿ ಬಳಸಿದರೆ ತಿಂಗಳುಗಳೇ ಉಳಿಯುತ್ತವೆ.

ತುಂಗಾತೀರ:

ಬಹಳ ಧನ್ಯವಾದ. ಕೀನ್ಯಾದಲ್ಲಿ ನೈತಿಕ ಪರಿಶೀಲನೆ ಆದರೆ ಇಲ್ಲಿ ಮತ್ತೆ ಬೇಕೇ? ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನೇ ಪೋಷಕರ ಒಪ್ಪಿಗೆ ಎಂದು ತೆಗೆದುಕೊಳ್ಳಬಹುದೇ?

ನೈರೋಬಿ_ನಿವಾಸಿ:

ಎರಡೂ ಕಡೆ ಬೇಕು. ನಿಮ್ಮ ಸಮಿತಿ ಮೊದಲು ಒಪ್ಪಿ, ಆಮೇಲೆ ಅಲ್ಲಿನವರು ಪ್ರಶ್ನಾವಳಿ ತಿದ್ದಿದರೆ ತಿದ್ದುಪಡಿಗೆ ಮತ್ತೆ ನಿಮ್ಮ ಸಮಿತಿಗೇ ಬರಬೇಕು. ಆದ್ದರಿಂದ ಕೀನ್ಯಾದ್ದನ್ನೇ ಮುಖ್ಯ ಪರಿಶೀಲನೆಯಾಗಿಟ್ಟು, ಅವರ ಟಿಪ್ಪಣಿ ಬಂದ ಮೇಲೆ ನಿಮ್ಮ ಸಮಿತಿಗೆ ಸಲ್ಲಿಸಿ.

ಮುಖ್ಯೋಪಾಧ್ಯಾಯರ ಸಹಿ ಪೋಷಕರ ಸಹಿ ಆಗುವುದಿಲ್ಲ. ಕೀನ್ಯಾದ 2019ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಗುವಿನ ಮಾಹಿತಿಗೆ ಪೋಷಕರ ಅಥವಾ ಪಾಲಕರ ಒಪ್ಪಿಗೆ ಬೇಕು. ಕಿಸುಮು ಕಡೆ ಅಜ್ಜಿಯ ಆಸರೆಯಲ್ಲಿ ಬೆಳೆಯುವ ಮಕ್ಕಳು ಬಹಳ, ಆದ್ದರಿಂದ ನಮೂನೆಯಲ್ಲಿ ತಂದೆ/ತಾಯಿ ಎಂದು ಮಾತ್ರ ಬರೆದರೆ ಅಷ್ಟೂ ಮಕ್ಕಳು ಹೊರಗುಳಿಯುತ್ತಾರೆ. ನಮೂನೆ ಧೊಲುವೊ (ಆ ಭಾಗದ ಊರಿನ ಭಾಷೆ), ಕಿಸ್ವಾಹಿಲಿ, ಇಂಗ್ಲಿಷ್ ಮೂರರಲ್ಲೂ ಇರಲಿ. ಓದಲು ಬಾರದವರಿಗೆ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸುವ ಜಾಗವನ್ನೂ ಬಿಡಿ. ಮಗುವನ್ನೂ ಕೇಳಬೇಕು. ಬೇಡ ಎಂದ ಮಗುವನ್ನು ಅಲ್ಲಿಗೇ ಬಿಡಬೇಕು.

ಫೋಟೊ ವಿಚಾರದಲ್ಲಿ ಬಿಗಿಯಾಗಿರಿ. 2023ರ ಸೆಪ್ಟೆಂಬರ್‌ನಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ಹಾಕಿದ ಒಂದು ಶಾಲೆಗೆ ದತ್ತಾಂಶ ಸಂರಕ್ಷಣಾ ಆಯುಕ್ತರ ಕಚೇರಿ 45.5 ಲಕ್ಷ ಶಿಲ್ಲಿಂಗ್ ದಂಡ ಹಾಕಿದೆ. ಯೋಜನೆಯ ವಾಟ್ಸಾಪ್ ಗುಂಪಿನಲ್ಲಿ ತರಗತಿಯ ಫೋಟೊ ಹಾಕುವುದನ್ನು ಮೊದಲ ದಿನವೇ ನಿಲ್ಲಿಸಿ.

ಜಮಾಖರ್ಚು:

ಹಣದ ದಾರಿ ನೋಡಿ ಗಾಬರಿಯಾಯಿತು. ವಿದೇಶಿ ಅನುದಾನ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗೆ ಬಂದು ಅಲ್ಲಿಂದ ಕೀನ್ಯಾಕ್ಕೆ ಹೋಗುವುದು ಈಗ ಸಾಧ್ಯವಿಲ್ಲದ ಮಾತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಬಂದ ತಿದ್ದುಪಡಿಯ ನಂತರ, ಬಂದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ. ಶಾಸನದ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳ ಸ್ಥಿತಿ ಬೇರೆ, ಅದನ್ನು ನಿಮ್ಮ ಹಣಕಾಸು ಅಧಿಕಾರಿಯ ಬಾಯಿಂದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ದಾರಿ ಎರಡಿವೆ. ಒಂದು, ಅನುದಾನ ಸಂಸ್ಥೆಯೇ ಕೀನ್ಯಾಕ್ಕೂ ಭಾರತಕ್ಕೂ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುವುದು. ಇನ್ನೊಂದು, ಕೀನ್ಯಾದ ವಿಶ್ವವಿದ್ಯಾಲಯವೇ ಪ್ರಧಾನ ಸಂಸ್ಥೆಯಾಗಿ, ನಿಮ್ಮದು ಉಪ ಒಪ್ಪಂದವಾಗುವುದು. ನನ್ನ ಸ್ಪಷ್ಟ ಮತ ಎರಡನೆಯದಕ್ಕೆ. ಶಾಲೆಗಳಿರುವುದು ಅಲ್ಲಿ, ಮಕ್ಕಳಿರುವುದು ಅಲ್ಲಿ, ಮೂರು ವರ್ಷ ಬಿಟ್ಟು ಸಚಿವಾಲಯ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಾದವರೂ ಅವರೇ. ಹಣದ ಕೀಲಿ ಬೆಂಗಳೂರಿನಲ್ಲಿಟ್ಟು ಸಮಾನ ಪಾಲುದಾರಿಕೆ ಎಂದು ಬರೆಯುವುದು ಸರಿಯಲ್ಲ. ಅವರಿಂದ ನಿಮ್ಮ ಸ್ವಯಂಸೇವಾ ಸಂಸ್ಥೆಗೆ ಬರುವ ಹಣವೂ ವಿದೇಶಿ ದೇಣಿಗೆ ಆಗಬಹುದು, ಅದು ಸೇವಾ ಶುಲ್ಕವೋ ದೇಣಿಗೆಯೋ ಎಂಬುದನ್ನು ಸಿಎ ಹತ್ತಿರ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಬಜೆಟ್ ಬರೆಯುವಾಗ ಮರೆಯುವ ಸಾಲುಗಳು: ಕೀನ್ಯಾದ ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಒಂದೇ ಯೋಜನೆಗೆ ಎರಡು ಲೆಕ್ಕಪರಿಶೋಧನೆ, ಎರಡಕ್ಕೂ ಹಣ ಇಡಿ. ವೃತ್ತಿಪರ ಶುಲ್ಕದ ಮೇಲೆ ಕೀನ್ಯಾದಲ್ಲಿ ಮೂಲದಲ್ಲೇ ತೆರಿಗೆ ಕಡಿತವಿದೆ. ನಿವಾಸಿಗಳಿಗಿಂತ ಹೊರದೇಶದವರಿಗೆ ದರ ಹೆಚ್ಚು. ಭಾರತ–ಕೀನ್ಯಾ ನಡುವಿನ ತೆರಿಗೆ ಒಪ್ಪಂದದ ಪ್ರಯೋಜನ ಬೇಕಾದರೆ ತೆರಿಗೆ ನಿವಾಸ ಪ್ರಮಾಣಪತ್ರ ಮೊದಲೇ ತೆಗೆಸಿರಬೇಕು. ಕ್ಷೇತ್ರ ಸಿಬ್ಬಂದಿಗೆ ಅಲ್ಲಿನ ಮೊಬೈಲ್ ಹಣದ ಸೇವೆ ಎಂ-ಪೆಸಾದಲ್ಲಿ ಕೊಟ್ಟರೆ ಪ್ರತಿ ಪಾವತಿಗೂ ದಾಖಲೆ ಉಳಿಯುತ್ತದೆ, ನಗದಿನ ಗೋಜಲಿಲ್ಲ. ಆದರೆ ಹಣ ತೆಗೆಯುವಾಗಿನ ಶುಲ್ಕವನ್ನು ಮೊತ್ತಕ್ಕೆ ಸೇರಿಸಿಯೇ ಕಳಿಸಿ, ಇಲ್ಲದಿದ್ದರೆ ಅದು ಅವರ ದಿನಗೂಲಿಯಿಂದ ಹೋಗುತ್ತದೆ.

ವಿನಿಮಯ ದರದ ಬಗ್ಗೆ ಒಂದು ಮಾತು. 2023ರ ಆರಂಭದಲ್ಲಿ ಡಾಲರಿಗೆ ಸುಮಾರು 124 ಇದ್ದ ಶಿಲ್ಲಿಂಗ್ 2024ರ ಜನವರಿಗೆ 160ರ ಹತ್ತಿರ ಹೋಗಿ, ಆ ವರ್ಷವೇ ಮರಳಿ 130ರ ಆಸುಪಾಸಿಗೆ ಬಂತು. 160ರ ಲೆಕ್ಕದಲ್ಲಿ ಶಿಲ್ಲಿಂಗ್ ಬಜೆಟ್ ಬರೆದು ಡಾಲರಿನಲ್ಲಿ ಅನುದಾನ ಪಡೆದಿದ್ದವರಿಗೆ ಐದರಲ್ಲಿ ಒಂದು ಪಾಲು ಹೋಯಿತು. ದರ ಇಷ್ಟು ಶೇಕಡಾ ಏರುಪೇರಾದರೆ ಬಜೆಟ್ ಮರುಪರಿಶೀಲನೆ ಎಂಬ ಕಲಮು ಹಾಕಿಸಿ.

ಮಧ್ಯದಲ್ಲಿ ಅನುದಾನ ನಿಂತರೆ ಏನು ಎಂಬುದಕ್ಕೂ ಕಲಮು ಬೇಕು. 2021ರಲ್ಲಿ ಬ್ರಿಟನ್ ನೆರವಿನ ಮೊತ್ತ ಇಳಿಸಿದಾಗ ನಡೆಯುತ್ತಿದ್ದ ಸಂಶೋಧನೆಗಳಿಗೇ ಕತ್ತರಿ ಬಿತ್ತು, 2025ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಮುಚ್ಚಿದಾಗಲೂ ಅದೇ ಆಯಿತು. ನಿಲ್ಲಿಸುವ ಸೂಚನೆ ಬಂದರೆ ಕೀನ್ಯಾದ ಕ್ಷೇತ್ರ ಸಿಬ್ಬಂದಿಯ ಬಾಕಿ ಸಂಬಳ ಮೊದಲು, ನಂತರ ದತ್ತಾಂಶದ ಭದ್ರತೆ, ಆಮೇಲೆ ಉಳಿದದ್ದು. ಈ ಕ್ರಮವನ್ನೇ ಒಪ್ಪಂದದಲ್ಲಿ ಬರೆಯಿರಿ.

ಸರಾಸರಿ:

ನಾನು ಮಾದರಿಯ ಲೆಕ್ಕಕ್ಕೆ ಬರುತ್ತೇನೆ. 60 ಶಾಲೆ × 20 ಮಕ್ಕಳು ಅಂದರೆ 1,200 ಎಂದು ಅನಿಸುತ್ತದೆ. ಆದರೆ ಒಂದೇ ಶಾಲೆಯ ಮಕ್ಕಳು ಒಬ್ಬರಂತೆ ಇನ್ನೊಬ್ಬರು ಇರುತ್ತಾರೆ, ಶಿಕ್ಷಕರು ಅವರೇ, ಪುಸ್ತಕ ಅವೇ. ಶಾಲೆಯೊಳಗಿನ ಈ ಸಾಮ್ಯವನ್ನು 0ಯಿಂದ 1ರ ಅಳತೆಯಲ್ಲಿ 0.2 ಎಂದು ಹಿಡಿದರೆ, ಮಾದರಿಯ ಬೆಲೆ ಕುಗ್ಗುವ ಪ್ರಮಾಣ 1 + (20 − 1) × 0.2 = 4.8. ಅಂದರೆ 1,200 ಮಕ್ಕಳ ಪರೀಕ್ಷೆ 250 ಮಕ್ಕಳ ಪರೀಕ್ಷೆಯಷ್ಟೇ ಮಾಹಿತಿ ಕೊಡುತ್ತದೆ. ಅದೇ 1,200 ಮಕ್ಕಳನ್ನು 120 ಶಾಲೆಗಳಿಂದ ಹತ್ತು ಹತ್ತರಂತೆ ತೆಗೆದುಕೊಂಡರೆ 1 + 9 × 0.2 = 2.8, ಮಾಹಿತಿ ಸುಮಾರು 428 ಮಕ್ಕಳಷ್ಟು. ಓಡಾಟದ ಖರ್ಚು ಹೆಚ್ಚುತ್ತದೆ ನಿಜ, ಆದರೆ ಮೇಲೆ ಓದುಬರಹ ಹೇಳಿದಂತೆ ಮಕ್ಕಳ ಟ್ಯಾಬ್ ಕೈಬಿಟ್ಟರೆ ಆ ಹಣದಲ್ಲೇ ಇದು ಆಗುತ್ತದೆ. ಒಂದು ಎಚ್ಚರಿಕೆ: ಟ್ಯಾಬ್ ಸಪೋರ್ಟ್ ಆಫೀಸರ್‌ಗೆ ಕೊಡುವುದಾದರೆ ಯಾರಿಗೆ ಟ್ಯಾಬ್ ಎಂದು ಚೀಟಿ ಎತ್ತಬೇಕಾದ್ದು ಶಾಲೆಗಳಲ್ಲಿ ಅಲ್ಲ, ಆಫೀಸರ್‌ಗಳ ವಲಯಗಳಲ್ಲಿ. ಆಗ ಗುಂಪಿನ ಘಟಕವೇ ಬದಲಾಗುತ್ತದೆ. 0.2 ಎಂಬುದೂ ಉದಾಹರಣೆಗೆ ಹಿಡಿದದ್ದು, ನಿಜವಾದ ಅಂದಾಜನ್ನು ಆ ಪ್ರದೇಶದ ಹಳೆಯ ದತ್ತಾಂಶದಿಂದ ತೆಗೆಯಿರಿ.

ದಿನಾಂಕ ಪೂರ್ತಿ ಬದಲಾಗಬೇಕು. ಕೀನ್ಯಾದಲ್ಲಿ ಸಾರ್ವತ್ರಿಕ ಚುನಾವಣೆ ಐದು ವರ್ಷಕ್ಕೊಮ್ಮೆ ಆಗಸ್ಟ್‌ನ ಎರಡನೇ ಮಂಗಳವಾರ ಎಂದು ಸಂವಿಧಾನದಲ್ಲೇ ಇದೆ. 2027ರಲ್ಲಿ ಅದು ಆಗಸ್ಟ್ 10. ಶಾಲೆಗಳೇ ಮತಗಟ್ಟೆಗಳು. 2017ರ ಚುನಾವಣೆಯ ನಂತರ ಕಿಸುಮುವಿನಲ್ಲಿ ಗಲಭೆ ನಡೆದು ಪ್ರಾಣಹಾನಿಯೂ ಆಗಿದೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕ್ಷೇತ್ರ ಸಿಬ್ಬಂದಿಯನ್ನು ಹಳ್ಳಿಗಳಿಗೆ ಕಳಿಸುವುದು ದತ್ತಾಂಶದ ಪ್ರಶ್ನೆಗಿಂತ ಮೊದಲು ಅವರ ಸುರಕ್ಷತೆಯ ಪ್ರಶ್ನೆ.

ಶಾಲಾ ವರ್ಷ ಜನವರಿಯಿಂದ, ಮೂರು ಅವಧಿ, ಏಪ್ರಿಲ್, ಆಗಸ್ಟ್, ನವೆಂಬರ್–ಡಿಸೆಂಬರ್‌ನಲ್ಲಿ ರಜೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಮಣ್ಣಿನ ರಸ್ತೆ ಹದಗೆಡುತ್ತದೆ, ಹಾಜರಾತಿ ಇಳಿಯುತ್ತದೆ. ಜನವರಿಯ ಮೊದಲ ಎರಡು ವಾರ ದಾಖಲಾತಿ ಸ್ಥಿರವಾಗಿರುವುದಿಲ್ಲ. ನನ್ನ ಸಲಹೆ: 2027 ಪೂರ್ತಿ ಅನುಮತಿ, ಭಾಷಾ ಸಿದ್ಧತೆ, ಸಣ್ಣ ಪ್ರಮಾಣದ ಪ್ರಯೋಗಕ್ಕೆ. ಮೊದಲ ಪರೀಕ್ಷೆ 2028ರ ಜನವರಿ ಕೊನೆಯಿಂದ ಫೆಬ್ರವರಿ, ಕೊನೆಯದು ಅದೇ ವರ್ಷದ ಅಕ್ಟೋಬರ್‌ನ ಮೊದಲ ಮೂರು ವಾರ.

ಓದಿನ ಪರೀಕ್ಷೆ ಹೇಗೂ ಇಗ್ರಾ ಮಾದರಿಯದೇ ಇರುತ್ತದೆ, ಅಂದರೆ ಮಗು 60 ಸೆಕೆಂಡಿನಲ್ಲಿ ಎಷ್ಟು ಪದ ಸರಿಯಾಗಿ ಓದಿತು ಎಂದು ಎಣಿಸುವುದು. ಇಂಗ್ಲಿಷಿನ ನಿಮಿಷದ ಲೆಕ್ಕವನ್ನು ಕಿಸ್ವಾಹಿಲಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಕಿಸ್ವಾಹಿಲಿಯಲ್ಲಿ ಕರ್ತೃ, ಕಾಲ, ಕರ್ಮ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. ಕನ್ನಡದ ಮಕ್ಕಳನ್ನು ಇಂಗ್ಲಿಷ್ ಅಳತೆಯಲ್ಲಿ ಅಳೆದರೆ ಏನಾಗುತ್ತದೋ ಅಲ್ಲೂ ಅದೇ. ಪರೀಕ್ಷೆ ಮಾಡುವವರಿಗೆ ಕನಿಷ್ಠ ಐದು ದಿನ ತರಬೇತಿ, ಅದರಲ್ಲಿ ಎರಡು ದಿನ ಮಾದರಿಗೆ ಸೇರದ ಶಾಲೆಯಲ್ಲಿ ಅಭ್ಯಾಸ. ಒಂದೇ ಮಗುವಿನ ಓದನ್ನು ಎಲ್ಲರೂ ಗುರುತು ಹಾಕಿದಾಗ ಶೇ 90ರಷ್ಟು ಹೊಂದಾಣಿಕೆ ಬಾರದವರನ್ನು ಕ್ಷೇತ್ರಕ್ಕೆ ಕಳಿಸಬಾರದು. ತರಬೇತಿಗೆ ಬೇಕಾದ್ದಕ್ಕಿಂತ ಆರನೇ ಒಂದರಷ್ಟು ಹೆಚ್ಚು ಜನ ಕರೆದರೆ ಮಾತ್ರ ಇದು ಆಗುವ ಮಾತು.

ಹುಬ್ಬಳ್ಳಿ_ಸೋಲಾರ್:

ಟ್ಯಾಬ್ ಕೊಡೂದು ಬಿಡೂದು ನಿಮಗ ಬಿಟ್ಟಿದ್ದು ಸರ್, ಆದರ ಹತ್ತು ಶಾಲಿಗೆ ಕೊಟ್ಟರೂ ಈ ಲೆಕ್ಕ ಬೇಕ ಬೇಕ.

5,000 ಎಂಎಎಚ್ ಬ್ಯಾಟರಿ ಅಂದ್ರ 3.7 ವೋಲ್ಟ್‌ಗೆ 18.5 ವಾಟ್-ಅವರ್. 40 ಟ್ಯಾಬ್‌ಗೆ 740. ಚಾರ್ಜರ್, ಇನ್ವರ್ಟರ್ ತಿನ್ನೂದು ಹಿಡಿದು 900 ಅನ್ರಿ. ದಿನಕ್ಕ 5 ತಾಸು ಪೂರಾ ಬಿಸಿಲು, ವ್ಯವಸ್ಥಾದಾಗ ಶೇ 30 ನಷ್ಟ ಹಿಡಿದ್ರ 260 ವಾಟ್ ಪ್ಯಾನೆಲ್ ಬೇಕು, 300ರದ್ದು ಹಾಕ್ರಿ. 12 ವೋಲ್ಟ್ 100 ಎಎಚ್ ಬ್ಯಾಟರಿ ಅಂದ್ರ 1,200 ವಾಟ್-ಅವರ್ ಅಂತ ಕಾಗದದ ಮ್ಯಾಲೆ ಇರತದ. ಲೆಡ್ ಆಸಿಡ್ ಆದರ ಅರ್ಧಕ್ಕಿಂತ ಕೆಳಗ ಇಳಿಸಬಾರದು, 600ಕ್ಕ ಮುಗೀತು. ಲಿಥಿಯಂ ಫಾಸ್ಫೇಟ್ ಆದರ ಶೇ 80ರಷ್ಟು ಬಳಸಬಹುದು, 960 ಸಿಗತದ. ರೊಕ್ಕ ಹೆಚ್ಚಾದರೂ ಅದನ್ನ ತಗೋರಿ. 40 ಒಮ್ಮೆಲೇ ಹಚ್ಚಿದ್ರ 400 ವಾಟ್ ಎಳೀತಾವ, ಇಪ್ಪತ್ತು ಇಪ್ಪತ್ತು ಮಾಡಿ ಹಚ್ಚಿದ್ರ ಸಣ್ಣ ಇನ್ವರ್ಟರ್ ಸಾಕು.

ಮೊದಲ ಕೆಡೂದು ಟ್ಯಾಬ್ ಅಲ್ಲ, ಕೇಬಲ್. ಮೈಕ್ರೊ ಯುಎಸ್‌ಬಿ ಇದ್ದದ್ದು ತಗೋಬ್ಯಾಡ್ರಿ, ಟೈಪ್-ಸಿ ತಗೋರಿ, ಪ್ರತಿ ಹತ್ತು ಟ್ಯಾಬ್‌ಗೆ ಐದು ಕೇಬಲ್ ಹೆಚ್ಚಿಗೆ ಇಡ್ರಿ. ಟ್ಯಾಬ್ ಶೇ 10 ಹೆಚ್ಚಿಗೆ. ರಜಾದಾಗ ಪೂರ್ತಿ ಚಾರ್ಜ್ ಮಾಡಿ ತಗಡಿನ ಖೋಲಿಯೊಳಗ ಇಟ್ಟರ ಬ್ಯಾಟರಿ ಉಬ್ಬತಾವ. ಅರ್ಧ ಚಾರ್ಜ್ ಇಟ್ಟು ತಂಪ ಇರೂ ಕಡೆ ಇಡ್ರಿ. ಪೂರ್ತಿ ಖಾಲಿ ಆದ ಟ್ಯಾಬ್ ಮತ್ತ ಚಾಲೂ ಆದಾಗ ತಾರೀಖು ಹಿಂದಕ್ಕ ಹೋಗಿರತದ, ನೆಟ್‌ವರ್ಕ್ ಇಲ್ಲಂದ್ರ ಸರಿ ಆಗೂದಿಲ್ಲ. ನಿಮ್ಮ ದತ್ತಾಂಶದಾಗ 1970ನೇ ಇಸವಿ ಕಂಡ್ರ ಕಾರಣ ಇದ. ದಿನಾ ಮುಂಜಾನೆ ತಾರೀಖು ನೋಡೂದು ಚೆಕ್‌ಲಿಸ್ಟ್‌ನ ಮೊದಲ ಸಾಲು ಆಗಬೇಕು.

ಇಂಟರ್ನೆಟ್ ಇಲ್ಲದ ಶಾಲಿಗೆ ರಾಸ್ಪ್‌ಬೆರಿ ಪೈ ಅನ್ನೂ ಸಣ್ಣ ಕಂಪ್ಯೂಟರ್ ಮ್ಯಾಲೆ, ನೆಟ್ ಇಲ್ಲದ ಪಾಠ ತೋರಸೂ ಕೊಲಿಬ್ರಿ ಹಾಕೂದು ಚೊಲೊ ದಾರಿ, ತಂತ್ರಾಂಶ ಪುಕ್ಕಟೆ. ಆದರ ಪೈನ ಒಳಗಿನ ವೈಫೈಗೆ ಒಂದು ಪೂರಾ ತರಗತಿ ತಡಕೊಳ್ಳೂ ಶಕ್ತಿ ಇಲ್ಲ, ಹೊರಗ ಬ್ಯಾರೆ ಆಕ್ಸೆಸ್ ಪಾಯಿಂಟ್ ಹಚ್ಚ್ರಿ. ಕರೆಂಟ್ ಹೋದಾಗ ಎಸ್‌ಡಿ ಕಾರ್ಡ್ ಕೆಡತದ, ಅದಕ್ಕ ಎಸ್‌ಎಸ್‌ಡಿ ಹಾಕಿ ಸಣ್ಣ ಬ್ಯಾಟರಿ ಆಸರಾ ಕೊಡ್ರಿ. ಸಿಮ್ ಹಾಕಿದ ಟ್ಯಾಬ್‌ದಾಗ ತಾನ ಅಪ್‌ಡೇಟ್ ಆಗೂದನ್ನ ನಿಲ್ಲಸ್ರಿ, ಇಲ್ಲಂದ್ರ ಒಂದ ರಾತ್ರಿಗೆ ತಿಂಗಳ ಡೇಟಾ ಖಲಾಸ್.

ಇಲ್ಲಿಂದ ಟ್ಯಾಬ್ ಕಳಸೂದು ಬ್ಯಾಡ. ಅಲ್ಲಿ ಕಸ್ಟಮ್ಸ್, ಶೇ 16 ವ್ಯಾಟ್, ಗುಣಮಟ್ಟದ ಪ್ರಮಾಣಪತ್ರ ಅಂತ ಬಂದರದಾಗ ಕೂಡತಾವ. ಕೆಟ್ಟರ ವಾರಂಟಿ ಬೆಂಗಳೂರಾಗ. ನೈರೋಬಿ ಇಲ್ಲಾ ಕಿಸುಮುದಾಗ ರಿಪೇರಿ ಮಾಡೋರ ಹತ್ರ ಭಾಗ ಸಿಗೂ ಮಾಡೆಲ್ ನೋಡಿ ಅಲ್ಲೇ ತಗೋರಿ.

ಗಣಿತಮೇಷ್ಟ್ರು:

ಓದುಬರಹ ಅವರ ತೀರ್ಮಾನ ಸ್ವಲ್ಪ ಅವಸರದ್ದು ಅನಿಸಿತು. ಇ-ರೀಡರ್ ಬೇರೆ, ಮಗುವಿನ ಮಟ್ಟಕ್ಕೆ ತಕ್ಕಂತೆ ಪಾಠ ಬದಲಿಸುವ ತಂತ್ರಾಂಶ ಬೇರೆ. ತಾಂಜಾನಿಯಾದ ಟಾಂಗಾ ಪ್ರದೇಶದಲ್ಲಿ ಜಾಗತಿಕ ಕಲಿಕೆಯ ಎಕ್ಸ್‌ಪ್ರೈಜ್ ಸ್ಪರ್ಧೆಯ ಕ್ಷೇತ್ರ ಪ್ರಯೋಗ ನಡೆದದ್ದು ಸುಮಾರು 170 ಹಳ್ಳಿಗಳ, ಹೆಚ್ಚಿನವರು ಶಾಲೆಯನ್ನೇ ಕಾಣದ ಸುಮಾರು 2,700 ಮಕ್ಕಳ ನಡುವೆ. 2019ರಲ್ಲಿ ಬಹುಮಾನ ಹಂಚಿಕೊಂಡ ಎರಡು ತಂಡಗಳಲ್ಲಿ ಒನ್‌ಬಿಲಿಯನ್ ಒಂದು, ಅದರ ತಂತ್ರಾಂಶ ಮಲಾವಿಯ ಸರ್ಕಾರಿ ಶಾಲೆಗಳಲ್ಲಿ ಚಿಚೇವಾ ಭಾಷೆಯಲ್ಲಿ ಬಳಕೆಯಲ್ಲಿದೆ. ಒಂದು ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿರುವ ಕಡೆ ಮಗುವಿನ ಕೈಗೆ ಟ್ಯಾಬ್ ಕೊಡುವುದಕ್ಕೆ ಅರ್ಥವಿದೆ.

ಓದುಬರಹ:

ಒಪ್ಪುತ್ತೇನೆ ಮೇಷ್ಟ್ರೇ, ಭೇದ ಮುಖ್ಯವಾದದ್ದೇ. ಆದರೆ ಮಲಾವಿಯ ಮಾದರಿ ನೋಡಿ. ಪ್ರತಿ ಮಗುವಿಗೆ ಟ್ಯಾಬ್ ಇಲ್ಲ. ಕಲಿಕಾ ಕೇಂದ್ರವೆಂದು ಒಂದು ಕೋಣೆ, ಸೋಲಾರ್, ಮಕ್ಕಳು ಸರದಿಯಲ್ಲಿ ಬಂದು ಸ್ವಲ್ಪ ಹೊತ್ತು ಕಲಿತು ಹೋಗುವುದು, ಉಳಿದ ಹೊತ್ತು ಶಿಕ್ಷಕರ ಪಾಠ. ಹಿಂದೆ ಸಚಿವಾಲಯವೂ ಇದೆ. ಎರಡು ವರ್ಷದ ಸಂಶೋಧನಾ ಅನುದಾನದಲ್ಲಿ ಅದನ್ನು ಕಟ್ಟಿ ನಿಲ್ಲಿಸಲು ಆಗದು. ತಂತ್ರಾಂಶ ಧೊಲುವೊ ಭಾಷೆಯಲ್ಲಿ ಇಲ್ಲದಿದ್ದರೆ ಕಿಸುಮುವಿನ ಹಳ್ಳಿಯ ಒಂದನೇ ತರಗತಿಗೆ ಅದು ಉಪಯೋಗಕ್ಕೂ ಬರುವುದಿಲ್ಲ, ಮೊದಲ ಮೂರು ತರಗತಿಗಳಲ್ಲಿ ಊರಿನ ಭಾಷೆಯಲ್ಲೇ ಕಲಿಸಬೇಕೆಂಬುದು ಅಲ್ಲಿನ ನೀತಿ.

ಟ್ಯಾಬ್ ಬೇಡವೇ ಬೇಡ ಎನ್ನುವ ಕಡೆಗೂ ಸಾಕ್ಷ್ಯವಿದೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಬೋಟ್ಸ್‌ವಾನಾದಲ್ಲಿ ವಾರಕ್ಕೊಂದು ಎಸ್‌ಎಂಎಸ್ ಲೆಕ್ಕ, ಜೊತೆಗೆ 15–20 ನಿಮಿಷದ ಫೋನ್ ಕರೆ ಎಂದು ಪ್ರಯೋಗಿಸಿದರು. ಕರೆ ಸೇರಿದ್ದಲ್ಲಿ ಮಕ್ಕಳ ಗಣಿತ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಬೇಕಾದದ್ದು ಮನೆಯಲ್ಲಿದ್ದ ಸಾದಾ ಫೋನ್ ಮಾತ್ರ.

ಕಡತ_ಮತ್ತು_ಕೀಲಿ:

ದತ್ತಾಂಶ ಮತ್ತು ಲೇಖನದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪಾಲುದಾರಿಕೆಗಳು ಮುರಿಯುವುದು ಬಹುಪಾಲು ಇಲ್ಲೇ.

ನಿಮ್ಮ ಸರ್ವರ್‌ಗೆ ಮಕ್ಕಳ ಹೆಸರು ಬರಲೇಬಾರದು. ಹೆಸರು, ಊರು, ಫೋನ್ ಇರುವ ಕಡತ ಒಂದು, ಅಂಕಗಳ ಕಡತ ಇನ್ನೊಂದು, ಎರಡನ್ನೂ ಜೋಡಿಸುವ ಸಂಖ್ಯೆಗಳ ಪಟ್ಟಿ ಮೂರನೆಯದು. ಮೊದಲನೆಯದೂ ಮೂರನೆಯದೂ ಕೀನ್ಯಾದ ವಿಶ್ವವಿದ್ಯಾಲಯದಲ್ಲೇ, ಬೇರೆ ಬೇರೆ ಇಬ್ಬರ ಕೈಯಲ್ಲಿ ಇರಲಿ. ಬೆಂಗಳೂರಿಗೆ ಎರಡನೆಯದು ಮಾತ್ರ. ಸರ್ಕಾರ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆಯನ್ನು ನಿಮ್ಮ ಗುರುತಿನ ಸಂಖ್ಯೆಯಾಗಿ ಬಳಸಬೇಡಿ, ಅದು ಹೆಸರಷ್ಟೇ ಸಲೀಸಾಗಿ ಮಗುವನ್ನು ಹಿಡಿದುಕೊಡುತ್ತದೆ. ಜಿಪಿಎಸ್ ಬಿಂದುವೂ ಹಾಗೆಯೇ. ಶಾಲೆ ಒಂದೇ ಇರುವ ಹಳ್ಳಿಯಲ್ಲಿ ಬಿಂದು ಅಂದರೆ ಶಾಲೆಯ ಹೆಸರೇ. ಮಕ್ಕಳ ಮಾಹಿತಿ ಇರುವುದರಿಂದ, ಆಗಬಹುದಾದ ಅಪಾಯಗಳ ಅಂದಾಜು ವರದಿಯನ್ನು ದತ್ತಾಂಶ ಕಲೆಹಾಕುವ ಮೊದಲೇ ಬರೆದಿಡಬೇಕು. ದೇಶದ ಹೊರಗೆ ಕಳಿಸುವುದಕ್ಕೂ ಕೀನ್ಯಾದ ಕಾಯ್ದೆಯಲ್ಲಿ ಷರತ್ತುಗಳಿವೆ. ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಮಗು ಎಂದರೆ 18 ತುಂಬದವರೇ.

ಒಂದು ಒಳ್ಳೆಯ ಪೂರ್ವೋದಾಹರಣೆ ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ (ಯಾರು ಬೇಕಾದರೂ ಉಚಿತವಾಗಿ ಬಳಸಿ ತಿದ್ದಬಹುದಾದ ಪಾಠ ಸಾಮಗ್ರಿ) ಬಗ್ಗೆ ನಡೆದ ರೋರ್4ಡಿ ಎಂಬ ಯೋಜನೆಯ ಹಣ ಮುಖ್ಯವಾಗಿ ಕೆನಡಾದ ಸಂಶೋಧನಾ ಅನುದಾನ ಸಂಸ್ಥೆ ಐಡಿಆರ್‌ಸಿಯದು, ಕೇಂದ್ರ ಕೇಪ್‌ಟೌನ್ ವಿಶ್ವವಿದ್ಯಾಲಯ, ಜೊತೆಗೆ ಮಲೇಷ್ಯಾದ ವಾವಾಸನ್ ಮುಕ್ತ ವಿಶ್ವವಿದ್ಯಾಲಯ. ಬೆಂಗಳೂರಿನ ಐಟಿ ಫಾರ್ ಚೇಂಜ್ ಅದರಲ್ಲಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರು ಒಟ್ಟಾಗಿ ಸಂಪನ್ಮೂಲ ಸೃಷ್ಟಿಸುವುದನ್ನು ಅಧ್ಯಯನ ಮಾಡಿತು. ಗುರುತು ತೆಗೆದ ದತ್ತಾಂಶವನ್ನು ಕೇಪ್‌ಟೌನ್‌ನ ಡೇಟಾಫಸ್ಟ್ ಭಂಡಾರದಲ್ಲಿ ಇಡುವ ವ್ಯವಸ್ಥೆಯೂ ಅದರಲ್ಲಿತ್ತು. ಇನ್ನೊಂದು ಸಂಬಂಧವೂ ಇದೆ: ಪೂರ್ವ ಆಫ್ರಿಕಾದ ಉವೆಜೊ ಸಮೀಕ್ಷೆ, ಮಕ್ಕಳ ಓದು–ಲೆಕ್ಕ ಅಳೆಯುವ ನಮ್ಮ ಅಸರ್ ಸಮೀಕ್ಷೆಯ ಮಾದರಿಯಲ್ಲೇ 2009ರಲ್ಲಿ ಹುಟ್ಟಿದ್ದು. ಇಂಥ ಸಮೀಕ್ಷೆಗಳ ಅಂತರರಾಷ್ಟ್ರೀಯ ಜಾಲ ಪಾಲ್ ನೆಟ್‌ವರ್ಕ್‌ನ ಕಚೇರಿ ಈಗ ನೈರೋಬಿಯಲ್ಲಿದೆ. ಮನೆಮನೆಗೆ ಹೋಗಿ ಮಕ್ಕಳ ಓದು ಅಳೆಯುವ ಅನುಭವ ಎರಡೂ ಕಡೆ ಇರುವುದರಿಂದ, ಕಲಿಸಲು ಹೋಗುವ ಧೋರಣೆಗೆ ಇಲ್ಲಿ ಜಾಗವೇ ಇಲ್ಲ.

ಲೇಖನಗಳ ಪಟ್ಟಿಯನ್ನು ಮೊದಲ ತಿಂಗಳಲ್ಲೇ ಮಾಡಿ. ಪ್ರತಿ ಲೇಖನಕ್ಕೆ ತಾತ್ಕಾಲಿಕ ಶೀರ್ಷಿಕೆ, ಮೊದಲ ಲೇಖಕರು, ಕರಡು ಬರಬೇಕಾದ ತಾರೀಖು. ಮುಖ್ಯ ಫಲಿತಾಂಶದ ಲೇಖನದ ಮೊದಲ ಹೆಸರು ಕೀನ್ಯಾದವರದೇ ಇರಲಿ. ಕರಡು ಆರು ತಿಂಗಳು ತಡವಾದರೆ ಮೊದಲ ಲೇಖಕರನ್ನು ಬದಲಿಸಬಹುದು ಎಂಬ ನಿಯಮ ಎರಡೂ ಕಡೆಗೆ ಒಂದೇ ಸಮ. ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪದವಿಗೆ ಮೊದಲೇ ಪ್ರಕಟಣೆ ಬೇಕಾಗುತ್ತದೆ, ಅವರ ಅಧ್ಯಾಯದ ದತ್ತಾಂಶವನ್ನು ಇತರರು ಒಂದು ವರ್ಷ ಮುಟ್ಟಬಾರದು ಎಂದು ಬರೆಯಿರಿ. ಪ್ರಕಟಣಾ ಶುಲ್ಕವನ್ನು ಬಜೆಟ್‌ನಲ್ಲೇ ಇಡಿ. ಅರ್ಜಿ ಹಾಕಿ ವಿನಾಯಿತಿ ಪಡೆಯೋಣ ಎಂದು ಕೂತರೆ, ಶುಲ್ಕ ಕೇಳದ ಯಾವುದೋ ದುರ್ಬಲ ನಿಯತಕಾಲಿಕೆಗೆ ಒಳ್ಳೆಯ ಲೇಖನ ಹೋಗಿಬಿಡುತ್ತದೆ.

ತುಂಗಾತೀರ:

ಎಲ್ಲರಿಗೂ ಮನಸಾರೆ ಧನ್ಯವಾದ. ಕರಡು ಹೀಗೆ ಬದಲಾಗುತ್ತಿದೆ: ಪ್ರಧಾನ ಸಂಸ್ಥೆ ಕೀನ್ಯಾದ ವಿಶ್ವವಿದ್ಯಾಲಯ. ಸಪೋರ್ಟ್ ಆಫೀಸರ್‌ಗಳ ಭೇಟಿಗೆ ಟ್ಯಾಬ್ ನೆರವು ಮುಖ್ಯ ಪ್ರಶ್ನೆಯ ಪ್ರಸ್ತಾವ ಮಾತ್ರ, ಕಿಸುಮುವಿನ ಎರಡು ದಿನದ ಸಭೆಯಲ್ಲಿ ಅದನ್ನು ಅವರೇ ತೀರ್ಮಾನಿಸುತ್ತಾರೆ. 2027 ತಯಾರಿಗೆ, 2028 ಕ್ಷೇತ್ರಕ್ಕೆ. ಅನುದಾನದ ಅವಧಿ ಎರಡೂವರೆ ವರ್ಷ ಎಂದು ಕೇಳುತ್ತೇವೆ. ಉಳಿದ ಪ್ರಶ್ನೆ ಒಂದೇ: ಯೋಜನೆ ಮುಗಿದ ಮೇಲೆ ಸಾಧನಗಳನ್ನು ಏನು ಮಾಡಬೇಕು? ನಡುವೆ ಆಫೀಸರ್ ಅಥವಾ ಶಿಕ್ಷಕರ ವರ್ಗಾವಣೆ ಆದರೆ?

ನೈರೋಬಿ_ನಿವಾಸಿ:

ವರ್ಗಾವಣೆ ಆಗಿಯೇ ಆಗುತ್ತದೆ. ಶಿಕ್ಷಕರೂ ಸಪೋರ್ಟ್ ಆಫೀಸರ್‌ಗಳೂ ಶಿಕ್ಷಕರ ಸೇವಾ ಆಯೋಗ ಟಿಎಸ್‌ಸಿಯ ಅಧೀನದಲ್ಲಿದ್ದಾರೆ, ಆಯೋಗ ನಿಮ್ಮ ಸಂಶೋಧನೆಗಾಗಿ ವರ್ಗಾವಣೆ ನಿಲ್ಲಿಸುವುದಿಲ್ಲ, ಕೇಳುವುದೂ ಸರಿಯಲ್ಲ. ಕೌಂಟಿಯ ಟಿಎಸ್‌ಸಿ ನಿರ್ದೇಶಕರಿಗೂ ಪತ್ರದ ಪ್ರತಿ ಕೊಟ್ಟಿರಿ, ವರ್ಗಾವಣೆಯ ಸುದ್ದಿ ನಿಮಗೆ ಬೇಗ ತಲುಪುತ್ತದೆ. ಟ್ಯಾಬ್ ವ್ಯಕ್ತಿಯ ಹೆಸರಿಗೆ ಬೇಡ, ಹುದ್ದೆಯ ಹೆಸರಿಗೆ ಕೊಡಿ. ಹೊಸದಾಗಿ ಬಂದವರಿಗೆ ಅರ್ಧ ದಿನದ ತರಬೇತಿಯನ್ನು ಪ್ರತಿ ಅವಧಿಯ ಮೊದಲ ವಾರಕ್ಕೆ ಇಡಿ, ವಿಶ್ಲೇಷಣೆಯಲ್ಲಿ ಯಾರು ಯಾವಾಗ ಬದಲಾದರು ಎಂಬ ಕಾಲಂ ಇರಲಿ.

ಸಾಧನಗಳ ಹಸ್ತಾಂತರಕ್ಕೆ ಮೂಲ ಒಪ್ಪಂದದಲ್ಲೇ ಒಂದು ಅನುಬಂಧ ಬರೆಯಿರಿ. ಪ್ರತಿ ಸಾಧನದ ಕ್ರಮಸಂಖ್ಯೆ, ಕೊಂಡ ತಾರೀಖು, ಮುಗಿದ ಮೇಲೆ ಯಾವ ಕಚೇರಿಯ ಆಸ್ತಿ ವಹಿಗೆ ಸೇರುತ್ತದೆ, ದತ್ತಾಂಶ ಅಳಿಸಿದ್ದಕ್ಕೆ ಯಾರ ಸಹಿ, ಮುಂದಿನ ಒಂದು ವರ್ಷದ ಸಿಮ್ ಮತ್ತು ರಿಪೇರಿ ಹಣ ಯಾವ ಸಾಲಿನಿಂದ. ಕಳವಾದರೆ ಪೊಲೀಸ್ ದೂರಿನ ಪ್ರತಿ ಕೊಟ್ಟಲ್ಲಿಗೆ ಮುಖ್ಯೋಪಾಧ್ಯಾಯರ ಅಥವಾ ಆಫೀಸರ್‌ರ ಹೊಣೆ ಮುಗಿಯುತ್ತದೆ, ಅವರ ಸಂಬಳದಿಂದ ಮುರಿಯುವುದಿಲ್ಲ ಎಂಬ ಸಾಲನ್ನು ಕಡ್ಡಾಯವಾಗಿ ಸೇರಿಸಿ. ಆ ಸಾಲನ್ನು ಮೊದಲ ಸಭೆಯಲ್ಲೇ ಎಲ್ಲರೆದುರು ಓದಿ ಹೇಳಿದರೆ ಸಾಧನಗಳು ಬೀರುವಿನಿಂದ ಹೊರಗೆ ಬರುತ್ತವೆ.